ಅಂಗೈಯಲ್ಲಿ ಮುಳ್ಳಿನುಂಡೆ

ಹೆಜ್‌ಹಾಗನ್ನೂ ಮುಳ್ಳುಹಂದಿ ಎಂದುಬಿಡುವುದು ಕನ್ನಡದಲ್ಲಿ ರೂಢಿ. ಆದರೆ ಮುಳ್ಳುಹಂದಿ ಗೆಡ್ಡೆಗೆಣಸು ಕಡಿದು ತಿನ್ನುವ ದಂಶಕ; ಹತ್ತು ಕಿಲೋ ಮೀರಿ ತೂಗುತ್ತದೆ. ಜಾಲತಾಣದ ವಿಡಿಯೊಗಳಲ್ಲಿ ಯಾರದೋ ಅಂಗೈ ಮೇಲೆ ಮಲಗಿ ಮನಸೆಳೆಯುವ ಹೆಜ್‌ಹಾಗ್ ಅರ್ಧ ಕಿಲೋ ಆಸುಪಾಸಿನದು. ಅದರ ಆಹಾರ ಹುಳುಹುಪ್ಪಟೆ, ಬಳಗ ಸುಂಡಿಲಿಯದು. ತಮಿಳರು ‘ಮುಳ್ಳೆಲಿ’ ಎನ್ನುತ್ತಾರೆ. ಅದು ಇಲಿಯೂ ಅಲ್ಲ, ಆದರೂ ಹಂದಿ ಎನ್ನುವುದಕ್ಕಿಂತ ವಾಸಿ.

ಹುಲ್ಲುಗಾವಲಿನಿಂದ ಹಜಾರಕ್ಕೆ

ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಆಫ್ರಿಕಾದ ನಾಲ್ಕು ಬೆರಳಿನ ಹೆಜ್‌ಹಾಗ್. ಸೆನೆಗಲ್‌ನಿಂದ ಸೊಮಾಲಿಯಾದವರೆಗೆ ಹಬ್ಬಿದ ಹುಲ್ಲುಗಾವಲು ಅದರ ತವರು. 1980ರ ದಶಕದಲ್ಲಿ ಅಮೆರಿಕದ ವ್ಯಾಪಾರಿಗಳು ಅದನ್ನು ತರಿಸತೊಡಗಿದರು. ಕಾಲುಬಾಯಿ ಜ್ವರದ ಭಯದಿಂದ 1990ರ ದಶಕದ ಆರಂಭದಲ್ಲಿ ಆಫ್ರಿಕಾದ ಆಮದು ನಿಂತಿತು. ಆ ವೇಳೆಗೆ ಬಂದವನ್ನೇ ಕೂಡಿಸಿ ಮರಿ ಮಾಡಿಸುತ್ತ ವ್ಯಾಪಾರ ಮುಂದುವರಿಯಿತು. ನಾಯಿ ಮನುಷ್ಯನ ಜೊತೆಗೆ ಬಂದು ಹತ್ತು ಸಾವಿರ ವರ್ಷ ಮೀರಿದೆ. ಇದಕ್ಕೆ ಮನೆಯ ಪರಿಚಯವಾಗಿ ನಲವತ್ತು ವರ್ಷವಷ್ಟೇ.

ದೇಹದ ಹಟ

ಹೆಜ್‌ಹಾಗ್ ನಿಶಾಚರಿ. ಮನೆಯವರು ಮಲಗುವ ಹೊತ್ತಿಗೆ ಅದಕ್ಕೆ ಬೆಳಗು. ಗೂಡಿನ ಚಕ್ರ ಹತ್ತಿದರೆ ಗಂಟೆಗಟ್ಟಲೆ ಓಡುತ್ತದೆ. ಬೆಳಿಗ್ಗೆ ಆ ಚಕ್ರಕ್ಕೆ ಮೆತ್ತಿದ ಹಿಕ್ಕೆಯನ್ನು ತಿಕ್ಕಿ ತೊಳೆಯುವುದು ಸಾಕುವವರ ನಿತ್ಯದ ಪಾಡು. ಹೊಸ ವಾಸನೆ ಸಿಕ್ಕರೆ ಅದನ್ನು ಅಗಿದು, ನೊರೆ ಮಾಡಿ, ಕತ್ತು ತಿರುಗಿಸಿ ಬೆನ್ನಿನ ಮುಳ್ಳಿಗೆ ಬಳಿದುಕೊಳ್ಳುತ್ತದೆ. ಇದೇಕೆಂದು ವಿಜ್ಞಾನಿಗಳಿಗೂ ಖಚಿತವಿಲ್ಲ. ಮೊದಲ ಸಲ ನೋಡಿದವರಿಗಂತೂ ಹುಚ್ಚು ಹಿಡಿಯಿತೇನೋ ಎಂಬ ಗಾಬರಿ.

ಅದಕ್ಕೆ ಒಗ್ಗುವುದು 24ರಿಂದ 29 ಡಿಗ್ರಿ ಸೆಲ್ಸಿಯಸ್ ಶಾಖ. 18 ಡಿಗ್ರಿಗಿಂತ ಕೆಳಗಿಳಿದರೆ ಮೈ ತಣ್ಣಗಾಗಿ ಜಡವಾಗುತ್ತದೆ. ಯುರೋಪಿನ ಬಳಗದಂತೆ ಚಳಿನಿದ್ದೆಗೆ ಸಜ್ಜಾದ ಮೈ ಇದರದಲ್ಲ. ಆ ಜಡತ್ವದಲ್ಲೇ ಸಾಯಬಹುದು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳೂ ಇದಕ್ಕೆ ಅಪಾಯದ ಚಳಿಯೇ.

ನರಗಳನ್ನು ಕುಗ್ಗಿಸುವ ‘ವಾಬ್ಲಿ’ ಕಾಯಿಲೆ ಇನ್ನೂ ಕ್ರೂರ. ಉತ್ತರ ಅಮೆರಿಕದ ಸಾಕು ಹೆಜ್‌ಹಾಗ್‌ಗಳಲ್ಲಿ ಸುಮಾರು ಶೇ 10ರಷ್ಟಕ್ಕೆ ಇದು ತಗಲುತ್ತದೆ ಎಂಬ ಅಂದಾಜಿದೆ. ಮುದುಡಿ ಪೂರ್ತಿ ಉಂಡೆಯಾಗಲು ಬಾರದಿರುವುದು ಮೊದಲ ಸುಳಿವು. ಆಮೇಲೆ ಹಿಂಗಾಲು ತಡವರಿಸುತ್ತದೆ, ಕೊನೆಗೆ ಇಡೀ ಮೈ ಸೋಲುತ್ತದೆ. ಮದ್ದಿಲ್ಲ. ಸೀಮಿತ ಮೂಲದಿಂದಲೇ ತಳಿ ಬೆಳೆಸಿದ್ದು ಕಾರಣವಿರಬಹುದೆಂಬ ಶಂಕೆ ಬಲವಾಗಿದೆ.

ಕಾನೂನಿನ ಕಣ್ಣು

ಅಮೆರಿಕದಲ್ಲೇ ಕ್ಯಾಲಿಫೋರ್ನಿಯಾ, ಹವಾಯಿ ರಾಜ್ಯಗಳೂ ನ್ಯೂಯಾರ್ಕ್ ನಗರವೂ ಇದನ್ನು ಸಾಕಗೊಡುವುದಿಲ್ಲ. ತಪ್ಪಿಸಿಕೊಂಡು ಹೊರಗೆ ನೆಲೆಯೂರಿದರೆ ಎಂಬ ಅಳುಕು ಬುಡವಿಲ್ಲದ್ದಲ್ಲ. 1974ರಲ್ಲಿ ತೋಟದ ಹುಳುಗಳ ಕಾಟ ತಡೆಯಲೆಂದು ಸ್ಕಾಟ್ಲೆಂಡಿನ ಸೌತ್ ಯುಯಿಸ್ಟ್ ದ್ವೀಪಕ್ಕೆ ತಂದ ಬೆರಳೆಣಿಕೆಯ ಯುರೋಪಿನ ಹೆಜ್‌ಹಾಗ್‌ಗಳು ಸಾವಿರಗಟ್ಟಲೆಯಾಗಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗೆ ಕುತ್ತು ತಂದವು. ರೋಗದ ಮಾತೂ ಇದೆ. 2019ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಜಾಡು ಸಾಕು ಹೆಜ್‌ಹಾಗ್‌ಗಳನ್ನು ಮುಟ್ಟಿದಾಗ, ಅವಕ್ಕೆ ಮುತ್ತಿಡಬೇಡಿ ಎಂದು ಆರೋಗ್ಯಾಧಿಕಾರಿಗಳು ಎಚ್ಚರಿಸಬೇಕಾಯಿತು.

ಪರವಾದ ಮಾತು

ಸಾಕುವವರ ವಾದವನ್ನೂ ಕೇಳಬೇಕು. ಹೆಜ್‌ಹಾಗ್ ಬೊಗಳುವುದಿಲ್ಲ, ಹೆಚ್ಚು ಜಾಗ ಬೇಡುವುದಿಲ್ಲ. ಒಂಟಿಯಾಗಿ ಬದುಕುವ ಜೀವವಾದ್ದರಿಂದ ಜೊತೆಯಿಲ್ಲದೆ ಕೊರಗುವುದಿಲ್ಲ. ತಲೆಮಾರುಗಳಿಂದ ಗೂಡಿನಲ್ಲೇ ಹುಟ್ಟಿದ್ದು ಕಾಡನ್ನು ಕಂಡೇ ಇಲ್ಲ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಒಂಟಿಜೀವಿ ಎಂಬುದರ ಅರ್ಥ ಮನುಷ್ಯನ ಮುದ್ದೂ ಅದಕ್ಕೆ ಬೇಕಿಲ್ಲ ಎಂದೇ ಅಲ್ಲವೇ?

ಭಾರತದಲ್ಲಿ ಪ್ರಶ್ನೆ ಇನ್ನಷ್ಟು ಜಟಿಲ. ರಾಜಸ್ಥಾನ, ಗುಜರಾತಿನ ಒಣಭೂಮಿಯಲ್ಲೂ ತಮಿಳುನಾಡಿನ ಕುರುಚಲು ಬಯಲಿನಲ್ಲೂ ನಮ್ಮವೇ ಹೆಜ್‌ಹಾಗ್‌ಗಳಿವೆ. ತಮಿಳುನಾಡಿನ ಹಳ್ಳಿಗಳಲ್ಲಿ ಕೆಮ್ಮಿಗೆ ಮದ್ದೆಂದು ಅದರ ಮುಳ್ಳುಚರ್ಮ ಬಳಸುವ ಪದ್ಧತಿಯಿದೆ. ದೇಶೀ ಹೆಜ್‌ಹಾಗ್‌ಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಮಾರುವವನು ‘ಆಫ್ರಿಕಾದ್ದು’ ಎಂದು ಪೆಟ್ಟಿಗೆಯಲ್ಲಿಟ್ಟು ಕೊಟ್ಟಾಗ, ಅದು ತಮಿಳುನಾಡಿನ ಬಯಲಿನದಲ್ಲ ಎಂದು ಗುರುತಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಹೊಸದಾಗಿ ಕೊಳ್ಳಹೊರಟವರು ಆಸೆ ಕೈಬಿಡುವುದೇ ಸರಿ. ಆಗಲೇ ಮನೆಯಲ್ಲಿಟ್ಟುಕೊಂಡವರು ಬೇಸರ ಬಂದಿತೆಂದು ಹೊಲದಲ್ಲೋ ಕೆರೆಯಂಚಿನಲ್ಲೋ ಬಿಟ್ಟುಬರಬಾರದು. ಬೆಚ್ಚಗಿಟ್ಟು, ಈ ಜೀವದ ಪರಿಚಯವಿರುವ ಪಶುವೈದ್ಯರಿಗೆ ತೋರಿಸುತ್ತ, ಅದರ ನಾಲ್ಕೈದು ವರ್ಷದ ಆಯಸ್ಸನ್ನು ಅಲ್ಲೇ ಪೂರೈಸಗೊಡಲಿ.