ಸಾಂತಿಯಾಗೊ ದುಂಡುಮೇಜಿನ ಪರಿಷತ್ತು (1972): ವಸ್ತುಸಂಗ್ರಹಾಲಯ, ಚರಿತ್ರೆ ಮತ್ತು ವರ್ತಮಾನದ ಪ್ರಶ್ನೆ

ಕನ್ನಡದಲ್ಲಿ ನಾವು ಬಳಸುವ ‘ವಸ್ತುಸಂಗ್ರಹಾಲಯ’ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ವಸ್ತು ಇದೆ, ಸಂಗ್ರಹ ಇದೆ, ಆಲಯವೂ ಇದೆ. ಆ ವಸ್ತುವನ್ನು ಮಾಡಿದವರು, ಬಳಸಿದವರು, ಬಂದು ನೋಡುವವರು ಈ ಸಮಾಸದೊಳಗೆ ಎಲ್ಲಿಯೂ ಇಲ್ಲ. ಇದನ್ನು ಪದರಚನೆಯ ಆಕಸ್ಮಿಕವೆಂದು ತಳ್ಳಿಹಾಕಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಗಟ್ಟಿಗೊಂಡು, ಅಲ್ಲಿಂದ ವಸಾಹತುಗಳಿಗೆ ಹರಡಿದ ಈ ಸಂಸ್ಥೆಯ ಸ್ವರೂಪವೂ ಬಹುಮಟ್ಟಿಗೆ ಹಾಗೆಯೇ ಇತ್ತು. ಈ ಸ್ವರೂಪವನ್ನು ಒಂದು ಭೂಭಾಗದ ವಸ್ತುಸಂಗ್ರಹಾಲಯ ತಜ್ಞರೇ ಒಟ್ಟಾಗಿ ಕುಳಿತು ಪ್ರಶ್ನಿಸಿಕೊಂಡ ಒಂದು ಸಂದರ್ಭ, 1972ರ ಮೇ 20ರಿಂದ 31ರವರೆಗೆ ಚಿಲಿ ದೇಶದ ರಾಜಧಾನಿ ಸಾಂತಿಯಾಗೊದಲ್ಲಿ ನಡೆದ ದುಂಡುಮೇಜಿನ ಪರಿಷತ್ತು. ಯುನೆಸ್ಕೊ ಸಂಸ್ಥೆಯು ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ (ಐಕಾಮ್) ಸಹಯೋಗದಲ್ಲಿ ಇದನ್ನು ಏರ್ಪಡಿಸಿತ್ತು. ಲ್ಯಾಟಿನ್ ಅಮೆರಿಕದಲ್ಲಿ ವಸ್ತುಸಂಗ್ರಹಾಲಯಗಳ ಪಾತ್ರವೇನು ಎಂಬುದು ಚರ್ಚೆಯ ವಿಷಯ. ಈ ಪರಿಷತ್ತನ್ನು ಸಾಮಾನ್ಯವಾಗಿ ಅದು ಹೊರಡಿಸಿದ ಘೋಷಣೆಯ ಮೂಲಕ ನೆನೆಯುವುದು ವಾಡಿಕೆ. ಘೋಷಣೆಯಷ್ಟೇ, ಒಂದು ದೃಷ್ಟಿಯಿಂದ ಅದಕ್ಕಿಂತಲೂ ಹೆಚ್ಚಾಗಿ, ಸಭೆಯ ರಚನೆ ಮಹತ್ವದ್ದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುನೆಸ್ಕೊ ಪ್ರಾಯೋಜಿತ ಪ್ರಾದೇಶಿಕ ಗೋಷ್ಠಿಗಳಿಗೆ ಆ ಹೊತ್ತಿಗೆ ಒಂದು ಸಂಪ್ರದಾಯವೇ ಬೆಳೆದಿತ್ತು. 1958ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ವಸ್ತುಸಂಗ್ರಹಾಲಯಗಳ ಶೈಕ್ಷಣಿಕ ಪಾತ್ರವನ್ನು ಕುರಿತು ಇಂಥದೊಂದು ಗೋಷ್ಠಿ ನಡೆದಿತ್ತು. ಅದರ ನಿರ್ದೇಶಕರು ಫ್ರಾನ್ಸಿನ ಜಾರ್ಜ್ ಆನ್ರಿ ರಿವಿಯೇರ್. ರಿಯೊ ಗೋಷ್ಠಿಯ ಚರ್ಚೆ ಪ್ರದರ್ಶನವನ್ನು ಹೇಗೆ ಉತ್ತಮಪಡಿಸುವುದು ಎಂಬ ಚೌಕಟ್ಟಿನೊಳಗೇ ಉಳಿದಿತ್ತು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಜಗತ್ತು ಬದಲಾಗಿತ್ತು. ಆಫ್ರಿಕದ ಅನೇಕ ದೇಶಗಳು ಸ್ವತಂತ್ರವಾಗಿದ್ದವು. 1967ರಲ್ಲಿ ವಾಷಿಂಗ್ಟನ್ನಿನ ಕಪ್ಪುಜನರ ಬಡಾವಣೆಯಾದ ಅನಕೋಸ್ಟಿಯದಲ್ಲಿ ಜಾನ್ ಕಿನಾರ್ಡ್ ಅವರ ನಿರ್ದೇಶನದಲ್ಲಿ ನೆರೆಹೊರೆಯ ವಸ್ತುಸಂಗ್ರಹಾಲಯವೊಂದು ಆರಂಭವಾಗಿ, 1969ರಲ್ಲಿ ಆ ಬಡಾವಣೆಯನ್ನು ಕಾಡುತ್ತಿದ್ದ ಇಲಿಗಳನ್ನೇ ವಿಷಯವಾಗಿಟ್ಟುಕೊಂಡು ಪ್ರದರ್ಶನ ನಡೆಸಿತ್ತು. ಶಿಲ್ಪ, ಶಾಸನ, ನಾಣ್ಯಗಳಿರಬೇಕಾದ ಜಾಗದಲ್ಲಿ ಇಲಿ! 1971ರಲ್ಲಿ ಫ್ರಾನ್ಸಿನಲ್ಲಿ ನಡೆದ ಐಕಾಮ್‌ನ ಮಹಾಸಮ್ಮೇಳನದಲ್ಲಿ ದಹೋಮಿಯ (ಇಂದಿನ ಬೆನಿನ್) ಚಿಂತಕ ಸ್ಟಾನಿಸ್ಲಾಸ್ ಅಡೊಟೆವಿ ಅವರು ಯುರೋಪಿನ ಮಾದರಿಯ ವಸ್ತುಸಂಗ್ರಹಾಲಯದ ತಳಹದಿಯನ್ನೇ ಕಟುವಾಗಿ ವಿಮರ್ಶಿಸಿದ್ದರು.

ಚಿಲಿಯ ಪರಿಸ್ಥಿತಿಯಂತೂ ಇನ್ನೂ ವಿಶಿಷ್ಟವಾಗಿತ್ತು. 1970ರ ಚುನಾವಣೆಯಲ್ಲಿ ಗೆದ್ದ ಸಾಲ್ವಡಾರ್ ಅಯೆಂದೆ ಅವರ ಎಡಪಂಥೀಯ ಐಕ್ಯರಂಗದ ಸರ್ಕಾರ ಅಧಿಕಾರದಲ್ಲಿತ್ತು. ದೊಡ್ಡ ಜಮೀನ್ದಾರಿಕೆಗಳನ್ನು ಒಡೆಯುವ ಭೂಸುಧಾರಣೆ ಭರದಿಂದ ಸಾಗಿತ್ತು. ದುಂಡುಮೇಜಿನ ಪರಿಷತ್ತು ಆರಂಭವಾಗುವುದಕ್ಕೆ ಮೂರು ದಿನ ಮೊದಲು, ಮೇ 17ರಂದು, ಜಗತ್ತಿನ ನಾನಾ ಕಡೆಗಳ ಕಲಾವಿದರು ಚಿಲಿಯ ಜನತೆಗೆಂದು ದಾನವಾಗಿ ಕಳುಹಿಸಿದ ಕೃತಿಗಳ ‘ಸೌಹಾರ್ದ ವಸ್ತುಸಂಗ್ರಹಾಲಯ’ ಸಾಂತಿಯಾಗೊದಲ್ಲಿ ಉದ್ಘಾಟನೆಗೊಂಡಿತ್ತು.

ಇನ್ನು ಸಭೆಯ ರಚನೆಯ ವಿಚಾರ. ಆಗ ಐಕಾಮ್‌ನ ನಿರ್ದೇಶಕರಾಗಿದ್ದವರು ಯೂಗ್ ದ ವಾರೀನ್. ಚರಿತ್ರೆ ಮತ್ತು ಪುರಾತತ್ತ್ವವನ್ನು ಓದಿಬಂದ ಫ್ರೆಂಚ್ ವಿದ್ವಾಂಸರು. ಅವರು ಮುಂದೆ ಬರೆದಿರುವ ನೆನಪುಗಳಿಂದ ಸಿದ್ಧತೆಯ ವಿವರಗಳು ತಿಳಿದುಬರುತ್ತವೆ. ಯುರೋಪು ಮತ್ತು ಉತ್ತರ ಅಮೆರಿಕದ ತಜ್ಞರು ಬಂದು ಉಪನ್ಯಾಸ ಕೊಡುವ, ಸ್ಥಳೀಯರು ಕೇಳಿಸಿಕೊಳ್ಳುವ ಹಳೆಯ ಕ್ರಮವನ್ನು ಕೈಬಿಡಲಾಯಿತು. ಮಾತನಾಡುವವರು ಲ್ಯಾಟಿನ್ ಅಮೆರಿಕದವರೇ ಆಗಿರಬೇಕು, ಚರ್ಚೆ ಸ್ಪಾನಿಷ್ ಭಾಷೆಯಲ್ಲಿ ನಡೆಯಬೇಕು ಎಂದು ನಿರ್ಧರಿಸಲಾಯಿತು. ಅಧ್ಯಕ್ಷತೆಗೆ ಮೊದಲು ಆಲೋಚಿಸಿದ ಹೆಸರು ಬ್ರೆಜಿಲಿನ ಶಿಕ್ಷಣ ಚಿಂತಕ ಪಾಲೊ ಫ್ರೇರೆ ಅವರದು. 1964ರ ಸೈನಿಕ ಕ್ರಾಂತಿಯ ನಂತರ ದೇಶಭ್ರಷ್ಟರಾಗಿ ಚಿಲಿಗೆ ಬಂದ ಫ್ರೇರೆ, 1969ರವರೆಗೆ ಅಲ್ಲಿಯ ರೈತರ ನಡುವೆ ಅಕ್ಷರ ಕಲಿಕೆಯ ಕೆಲಸದಲ್ಲಿ ತೊಡಗಿದ್ದರು. ದಮನಿತರ ಶಿಕ್ಷಣವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ರೂಪುಗೊಂಡದ್ದೂ ಚಿಲಿಯಲ್ಲಿಯೇ. ಫ್ರೇರೆ ಒಪ್ಪಿದ್ದರೂ ಯುನೆಸ್ಕೊದಲ್ಲಿದ್ದ ಬ್ರೆಜಿಲ್ ಸರ್ಕಾರದ ಪ್ರತಿನಿಧಿಯ ವಿರೋಧದಿಂದ ಆ ಯೋಜನೆ ಕೈಗೂಡಲಿಲ್ಲವೆಂದು ದ ವಾರೀನ್ ಹೇಳುತ್ತಾರೆ. ಸಂಸ್ಕೃತಿಯ ಸಭೆಯೊಂದರ ಪೀಠದಲ್ಲಿ ಯಾರು ಕೂರಬೇಕು ಎಂಬುದು ಪ್ರಭುತ್ವಗಳಿಗೆ ಎಷ್ಟು ಮುಖ್ಯ ಎಂಬುದಕ್ಕೆ ಇದೊಂದು ನಿದರ್ಶನ.

ಫ್ರೇರೆ ಬರಲಿಲ್ಲವಾದರೂ ಅವರ ವಿಚಾರದ ತಿರುಳು, ಅಂದರೆ ಕಲಿಸುವವನು ಮೊದಲು ಕೇಳಿಸಿಕೊಳ್ಳಬೇಕೆಂಬ ನಿಲುವು, ಸಭೆಯ ವಿನ್ಯಾಸದೊಳಕ್ಕೆ ಬಂದಿತ್ತು ಎಂದು ಹೇಳಬಹುದು. ಗ್ರಾಮೀಣ ಬದುಕು, ನಗರ, ವಿಜ್ಞಾನ-ತಂತ್ರಜ್ಞಾನ, ನಿರಂತರ ಶಿಕ್ಷಣ ಇವು ಚರ್ಚೆಯ ಪ್ರಧಾನ ವಲಯಗಳು. ಪ್ರತಿಯೊಂದು ವಲಯದಲ್ಲಿಯೂ ವಿಷಯವನ್ನು ಮಂಡಿಸಿದವರು ವಸ್ತುಸಂಗ್ರಹಾಲಯದ ಹೊರಗಿನ ಜ್ಞಾನಶಿಸ್ತುಗಳವರು. ವಸ್ತುಸಂಗ್ರಹಾಲಯಗಳ ಮುಖ್ಯಸ್ಥರು ಮೊದಲು ಕೇಳುಗರಾಗಿ, ನಂತರ ಪ್ರತಿಕ್ರಿಯೆ ನೀಡುವವರಾಗಿ ಕುಳಿತರು. ಮೇಲ್ನೋಟಕ್ಕೆ ಇದು ಕಾರ್ಯಕ್ರಮದ ಪಟ್ಟಿಗೆ ಸಂಬಂಧಿಸಿದ ಸಣ್ಣ ಮಾರ್ಪಾಡು. ವಿದ್ವತ್‌ಗೋಷ್ಠಿಗಳಲ್ಲಿ ಪಳಗಿದವರಿಗೆ ಇದರ ಕಷ್ಟ ಅರಿವಾದೀತು.

ನಗರದ ಗೋಷ್ಠಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಮಾತನಾಡಿದವರು ಅರ್ಜೆಂಟೀನದ ಹೋರ್ಹೆ ಎನ್ರಿಕೆ ಆರ್ದೊಯ್. ಅವರು ನಗರಯೋಜನಾ ತಜ್ಞರು, ಜೊತೆಗೆ ಚರಿತ್ರಕಾರರು. ಕೊಲಂಬಸ್ ಪೂರ್ವದ ಅಮೆರಿಕದ ನಗರಗಳನ್ನು ಕುರಿತ ಅವರ ಗ್ರಂಥ 1964ರಲ್ಲಿ ಪ್ರಕಟವಾಗಿತ್ತು. ಪ್ರಾಚೀನ ನಗರಗಳ ರಚನೆಯನ್ನು ಬಲ್ಲ ಈ ವಿದ್ವಾಂಸರು ವರ್ತಮಾನದ ಲ್ಯಾಟಿನ್ ಅಮೆರಿಕದ ನಗರಗಳ ಸ್ಥಿತಿಯನ್ನು ವಿವರಿಸಿದಾಗ, ದೊಡ್ಡ ನಗರಗಳಲ್ಲಿಯೇ ವಾಸಿಸುತ್ತ ಅಲ್ಲಿಯೇ ಕೆಲಸ ಮಾಡುತ್ತಿದ್ದ ವಸ್ತುಸಂಗ್ರಹಾಲಯ ಮುಖ್ಯಸ್ಥರಿಗೆ ತಮ್ಮ ಊರು ತಮಗೇ ತಿಳಿದಿರಲಿಲ್ಲವೆಂಬುದು ಹೊಳೆಯಿತೆಂದು ದ ವಾರೀನ್ ನೆನೆಯುತ್ತಾರೆ. ಸಾವಿರ ವರ್ಷಗಳ ಹಿಂದಿನ ಮಡಕೆಯ ಚೂರಿನ ಪದರವನ್ನು ಖಚಿತವಾಗಿ ಹೇಳಬಲ್ಲವರಿಗೆ, ತಮ್ಮ ಕಟ್ಟಡದ ಸುತ್ತ ಬೆಳೆದುನಿಂತ ಗುಡಿಸಲು ಬಡಾವಣೆಗಳ ಜನ ಎಲ್ಲಿಂದ, ಯಾಕೆ ಬಂದರು ಎಂಬುದು ಗೊತ್ತಿರಲಿಲ್ಲ. ಚರಿತ್ರೆಯ ವಿಧಾನವನ್ನು ವರ್ತಮಾನದ ಮೇಲೆ ಪ್ರಯೋಗಿಸಿ ತೋರಿಸಿದ್ದು ಆರ್ದೊಯ್ ಅವರ ಕಾಣಿಕೆ. ನಮ್ಮ ದೃಷ್ಟಿಯಲ್ಲಿ ಈ ಪರಿಷತ್ತಿನ ತಿರುವು ಇರುವುದು ಇಲ್ಲಿಯೇ.

ಇಂಥ ಚರ್ಚೆಗಳಿಂದ ಮೂಡಿದ ಪರಿಕಲ್ಪನೆಯೇ ‘ಸಮಗ್ರ ವಸ್ತುಸಂಗ್ರಹಾಲಯ’. ಸ್ಪಾನಿಷ್ ಮೂಲದಲ್ಲಿ ಬಳಕೆಯಾದ ಪದ ‘ಇಂಟೆಗ್ರಾಲ್’. ಕನ್ನಡದ ‘ಸಮಗ್ರ’ ಎಂಬ ಮಾತಿಗೆ ‘ಎಲ್ಲವನ್ನೂ ಒಳಗೊಂಡ’ ಎಂಬ ಅರ್ಥ ಮುಂದಾಗಿ ಬರುವುದರಿಂದ, ಎಲ್ಲ ಬಗೆಯ ವಸ್ತುಗಳೂ ಇರುವ ದೊಡ್ಡ ಸಂಗ್ರಹವೆಂದು ಅಪಾರ್ಥವಾಗುವ ಸಂಭವವಿದೆ. ಘೋಷಣೆಯ ಆಶಯ ಬೇರೆ. ವಸ್ತುಸಂಗ್ರಹಾಲಯವು ತಾನಿರುವ ಸಮಾಜದ ಅವಿಭಾಜ್ಯ ಅಂಗ. ಆದುದರಿಂದ ವಸ್ತುವನ್ನು ಅದರ ನೈಸರ್ಗಿಕ, ಸಾಮಾಜಿಕ ಪರಿಸರದೊಂದಿಗೆ, ಗತವನ್ನು ವರ್ತಮಾನದ ಸಮಸ್ಯೆಗಳೊಂದಿಗೆ ಕೂಡಿಸಿ ತೋರಿಸಬೇಕೆಂಬುದು ಅದರ ಸಾರಾಂಶ. ಇದಕ್ಕೆ ಪೂರಕವಾದ ಶಿಫಾರಸುಗಳು ಬಹಳ ಪ್ರಾಯೋಗಿಕವಾಗಿವೆ: ಪ್ರತಿಯೊಂದು ಸಂಸ್ಥೆಯಲ್ಲಿಯೂ ಶಿಕ್ಷಣ ವಿಭಾಗವಿರಬೇಕು, ಹೊರವಲಯದ ಬಡಾವಣೆಗಳಿಗೂ ಹಳ್ಳಿಗಳಿಗೂ ಸಂಚಾರಿ ಪ್ರದರ್ಶನಗಳು ಹೋಗಬೇಕು, ಶಾಲೆಗಳಲ್ಲಿ ಚಿಕ್ಕ ಸಂಗ್ರಹಗಳು ರೂಪುಗೊಳ್ಳಬೇಕು, ಅಧ್ಯಾಪಕರಿಗೆ ತರಬೇತಿ ದೊರೆಯಬೇಕು. ಲ್ಯಾಟಿನ್ ಅಮೆರಿಕಕ್ಕೇ ಪ್ರತ್ಯೇಕವಾದ ವಸ್ತುಸಂಗ್ರಹಾಲಯ ಶಾಸ್ತ್ರದ ಸಂಘವೊಂದನ್ನು ಕಟ್ಟುವ ನಿರ್ಣಯವೂ ಆಯಿತು.

ಗತವನ್ನು ವರ್ತಮಾನದೊಂದಿಗೆ ಕೂಡಿಸುವುದೆಂದರೇನು ಎಂಬುದನ್ನು ನಮ್ಮ ಅನುಭವಕ್ಕೆ ಹತ್ತಿರದ ಒಂದು ವಸ್ತುವಿನಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಸಾಂತಿಯಾಗೊ ಪರಿಷತ್ತಿಗೆ ನಾಲ್ಕು ವರ್ಷ ಮೊದಲೇ, 1968ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪನೆಯಾಗಿತ್ತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮ ಅದರ ಹಿಂದಿದೆ. ಅರಸರ ಆಯುಧ, ಆಭರಣಗಳಿಗೆ ಮೀಸಲಾಗಿದ್ದ ಗೌರವವನ್ನು ನೇಗಿಲಿಗೂ ಸೋಮನ ಕುಣಿತದ ಮುಖಕ್ಕೂ ದೊರಕಿಸಿಕೊಟ್ಟ ಈ ಕಾರ್ಯ ಸಾಮಾನ್ಯವಾದುದಲ್ಲ. ಆದರೂ ಸಾಂತಿಯಾಗೊದ ಪ್ರಶ್ನೆ ಇಂಥ ಎಲ್ಲ ಸಂಗ್ರಹಗಳಿಗೂ ಅನ್ವಯಿಸುತ್ತದೆ. ಕೊಳಗವನ್ನೇ ನೋಡಿ. ಅದರ ಕೆಳಗೆ ‘ಧಾನ್ಯ ಅಳೆಯುವ ಸಾಂಪ್ರದಾಯಿಕ ಮಾಪನ’ ಎಂದು ಬರೆದಿಟ್ಟರೆ ತಪ್ಪೇನೂ ಇಲ್ಲ. ಆದರೆ 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರಿಗೂ ಭೂಮಾಲೀಕರಿಗೂ ನಡೆದ ಹೋರಾಟ ಹೊತ್ತಿಕೊಂಡದ್ದೇ ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಜಾರಿಗೆ ತಂದ ಭೂಸುಧಾರಣೆಯ ಚರಿತ್ರೆಯನ್ನು ಬರೆಯುವವರು ಕಾಗೋಡನ್ನು ಬಿಟ್ಟು ಬರೆಯಲಾರರು. ಕೊಳಗ ಅಳತೆಯ ಪಾತ್ರೆಯಾಗಿರುವಂತೆಯೇ ಅಧಿಕಾರದ ಸಂಬಂಧವೂ ಹೌದು. ಆ ಸಂಬಂಧವನ್ನು ಬಿಟ್ಟು ಪಾತ್ರೆಯನ್ನು ಮಾತ್ರ ಗಾಜಿನೊಳಗಿಟ್ಟಾಗ ವಸ್ತು ಉಳಿಯುತ್ತದೆ, ಚರಿತ್ರೆ ಜಾರಿಹೋಗುತ್ತದೆ. ಇದನ್ನು ಹೇಳಬಲ್ಲವರು ಸಂಗ್ರಹಪಾಲಕರೊಬ್ಬರೇ ಅಲ್ಲ. ಕಂದಾಯ ದಾಖಲೆಗಳನ್ನು ಓದುವ ಚರಿತ್ರಕಾರರು, ಅಳತೆಗೆ ಸಂಬಂಧಿಸಿದ ಗಾದೆ, ಹಾಡು, ನುಡಿಗಟ್ಟುಗಳನ್ನು ಬಲ್ಲ ನಮ್ಮ ಅಧ್ಯಾಪಕರು, ಎಲ್ಲಕ್ಕಿಂತ ಮಿಗಿಲಾಗಿ ಗೇಣಿ ಕೊಟ್ಟ ಮನೆತನದವರು. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವುದು ಹೇಗೆ ಎಂಬುದೇ ಸಾಂತಿಯಾಗೊದ ನಿಜವಾದ ಸವಾಲು.

ಹಾಗೆ ನೋಡಿದರೆ ಸಾಂತಿಯಾಗೊ ಕೂಡ ಈ ಸವಾಲನ್ನು ಪೂರ್ಣವಾಗಿ ಎದುರಿಸಲಿಲ್ಲ. ಮೇಜಿನ ಸುತ್ತ ಕುಳಿತವರು ವೃತ್ತಿಪರರು ಮತ್ತು ತಜ್ಞರು. ಯಾರ ಬದುಕನ್ನು ಕುರಿತು ಚರ್ಚೆ ನಡೆಯಿತೋ ಆ ರೈತರಾಗಲಿ, ಮೂಲನಿವಾಸಿ ಸಮುದಾಯಗಳಾಗಲಿ ಅಲ್ಲಿ ತಮ್ಮ ಪರವಾಗಿ ತಾವೇ ಮಾತನಾಡಲಿಲ್ಲ. ಘೋಷಣೆಯ ಭಾಷೆಯಲ್ಲಿ ‘ಅಭಿವೃದ್ಧಿ’ ಎಂಬ ಪದ ಪ್ರಶ್ನಾತೀತವಾಗಿದೆ. ಜನಸಮುದಾಯವು ಅರಿವು ಮೂಡಿಸಬೇಕಾದ ಸಮೂಹವಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಅರಿವುಳ್ಳವರಾಗಿ ಅಲ್ಲ. ಪರಿಷತ್ತಿನ ಮುಖ್ಯ ಆತಿಥೇಯರಲ್ಲಿ ಒಬ್ಬರಾದ ಗ್ರೆಟೆ ಮೋಸ್ಟ್ನಿ ಅವರು ಮುಖ್ಯಸ್ಥೆಯಾಗಿದ್ದ ರಾಷ್ಟ್ರೀಯ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿಯೇ ಇದಕ್ಕೆ ನಿದರ್ಶನವಿತ್ತು. 1954ರಲ್ಲಿ ಎಲ್ ಪ್ಲೋಮೊ ಪರ್ವತದ ಎತ್ತರದಲ್ಲಿ ಹಿಮಗಟ್ಟಿದ ಸ್ಥಿತಿಯಲ್ಲಿ ದೊರೆತ, ಇಂಕಾ ಕಾಲದಲ್ಲಿ ಬಲಿಯಾದ ಬಾಲಕನ ದೇಹ ಅಲ್ಲಿತ್ತು. ಅದನ್ನು ಅಧ್ಯಯನ ಮಾಡಿ ಲೋಕಕ್ಕೆ ಪರಿಚಯಿಸಿದವರು ಮೋಸ್ಟ್ನಿಯವರೇ. ಒಂದು ಮಗುವಿನ ದೇಹ ಯಾರಿಗೆ ಸೇರಿದ್ದು, ಅದನ್ನು ನೋಡಲು ಇಡಬಹುದೇ ಎಂಬ ಪ್ರಶ್ನೆ ಮುಂದಿನ ದಶಕಗಳಲ್ಲಿ ಜಗತ್ತಿನಾದ್ಯಂತ ಎದ್ದಿತು. 1972ರ ಘೋಷಣೆಯಲ್ಲಿ ಅದರ ಸುಳಿವಿಲ್ಲ. ಮೋಸ್ಟ್ನಿಯವರ ಜೀವನವೇ ಒಂದು ಪ್ರತ್ಯೇಕ ಲೇಖನಕ್ಕೆ ವಸ್ತುವಾಗಬಲ್ಲದು. ಆಸ್ಟ್ರಿಯದಲ್ಲಿ ಹುಟ್ಟಿ, ಪ್ರಾಚೀನ ಈಜಿಪ್ಟಿನ ಅಧ್ಯಯನ ಮಾಡಿ, ಯಹೂದಿಯಾದ ಕಾರಣಕ್ಕೆ ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಚಿಲಿ ಸೇರಿದವರು ಅವರು.

ಪರಿಷತ್ತು ಮುಗಿದು ಹದಿನಾರು ತಿಂಗಳೂ ಆಗಿರಲಿಲ್ಲ, 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಯೆಂದೆ ಸರ್ಕಾರವನ್ನು ಉರುಳಿಸಿತು. ಅಯೆಂದೆ ಅಂದೇ ಅಸುನೀಗಿದರು. ಸೌಹಾರ್ದ ವಸ್ತುಸಂಗ್ರಹಾಲಯದ ಬಾಗಿಲು ಮುಚ್ಚಿತು. ಯುನೆಸ್ಕೊದ ನಿಯತಕಾಲಿಕ ತನ್ನ ಸಂಚಿಕೆಯೊಂದನ್ನು ಪರಿಷತ್ತಿಗೆ ಮೀಸಲಿಟ್ಟದ್ದೂ ಅದೇ 1973ರಲ್ಲಿಯೇ. ಘೋಷಣೆ ಹುಟ್ಟಿದ ನೆಲದಲ್ಲಿ ಅದನ್ನು ಆಚರಣೆಗೆ ತರುವ ಅವಕಾಶ ಹೀಗೆ ಇಲ್ಲವಾಯಿತು. ಮೆಕ್ಸಿಕೊದಲ್ಲಿ ಮಾತ್ರ ಮಾರಿಯೊ ವಾಸ್ಕೆಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯವು ರಾಜಧಾನಿಯ ಬಡವರ ಬಡಾವಣೆಗಳೊಳಗೆ ‘ವಸ್ತುಸಂಗ್ರಹಾಲಯದ ಮನೆ’ ಎಂಬ ಪ್ರಯೋಗವನ್ನು ನಡೆಸಿತು. ಭವ್ಯ ಕಟ್ಟಡದ ಪಕ್ಕದಲ್ಲಿಯೇ ಬದುಕುತ್ತಿದ್ದರೂ ಎಂದೂ ಅದರೊಳಗೆ ಕಾಲಿಡದವರ ಬಳಿಗೆ ತಾನೇ ಹೋಗುವ ಪ್ರಯತ್ನ ಅದು. 1980ರಲ್ಲಿ ಅದೂ ನಿಂತಿತು.

ಪ್ರಯೋಗ ನಿಂತರೂ ಪದಗಳು ಪ್ರಯಾಣ ಮಾಡಿದವು. 1974ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ಐಕಾಮ್ ತನ್ನ ವ್ಯಾಖ್ಯೆಯಲ್ಲಿ ಸಮಾಜದ ಸೇವೆ ಮತ್ತು ಅದರ ಅಭಿವೃದ್ಧಿಯ ಪ್ರಸ್ತಾಪವನ್ನು ಸೇರಿಸಿಕೊಂಡಿತು. 1984ರ ಕ್ವಿಬೆಕ್ ಘೋಷಣೆ ಸಾಂತಿಯಾಗೊವನ್ನು ಹೆಸರಿಸಿಯೇ ನೆನೆಯಿತು. 2019ರಲ್ಲಿ ಕ್ಯೋಟೊದಲ್ಲಿ ಹೊಸ ವ್ಯಾಖ್ಯೆಯೊಂದು ತೀವ್ರ ಭಿನ್ನಾಭಿಪ್ರಾಯದಿಂದ ಮುಂದೂಡಲ್ಪಟ್ಟು, 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಅಂಗೀಕಾರವಾದ ವ್ಯಾಖ್ಯೆಯಲ್ಲಿ ಸಮುದಾಯಗಳ ಪಾಲುಗೊಳ್ಳುವಿಕೆಯ ಮಾತು ಬಂತು. ಸಾಂತಿಯಾಗೊದಿಂದ ಪ್ರಾಗ್ ತಲುಪಲು ಐವತ್ತು ವರ್ಷ ಬೇಕಾಯಿತು. ಆದರೆ ಈ ನಂತರದ ಸಮ್ಮೇಳನಗಳಲ್ಲಿ ವ್ಯಾಖ್ಯೆಯ ಪದಪದಕ್ಕೂ ಚರ್ಚೆ ನಡೆಸಿದವರು ಬಹುಪಾಲು ಮತ್ತೆ ವೃತ್ತಿಪರರೇ. ಅನ್ಯ ಶಿಸ್ತಿನವರು ಮಾತನಾಡಿ ತಾವು ಕೇಳಿಸಿಕೊಳ್ಳುವ 1972ರ ಕ್ರಮ ಪರಂಪರೆಯಾಗಿ ಮುಂದುವರಿಯಲಿಲ್ಲ. ಪರಿಷತ್ತಿನ ಮೂಲ ಕಡತಗಳು ಕೂಡ ಬಹುಕಾಲ ಸುಲಭವಾಗಿ ದೊರೆಯುತ್ತಿರಲಿಲ್ಲ. ಸ್ಪಾನಿಷ್ ಮತ್ತು ಪೋರ್ಚುಗೀಸ್ ಭಾಷಿಕ ದೇಶಗಳ ಸಹಕಾರ ಯೋಜನೆಯೊಂದು ಅವುಗಳನ್ನು ಸಂಪಾದಿಸಿ ಪ್ರಕಟಿಸಿದ್ದು 2012ರಲ್ಲಿ, ಸಭೆ ನಡೆದ ನಲವತ್ತನೆಯ ವರ್ಷದಲ್ಲಿ.