ಹುಣಿಸೆ ಬೀಜದ ಲೆಕ್ಕ

ಗುಬ್ಬಿಯಲ್ಲಿ ಎರಡನೆಯ ತರಗತಿ ಓದುವ ನನ್ನ ಅಕ್ಕನ ಮಗನಿಗೆ ಲೆಕ್ಕವೆಂದರೆ ಅಳು. ಬೇಸಗೆಯ ರಜೆಗೆ ನಾನು ತುಮಕೂರಿನಿಂದಲೂ ಅವನು ಗುಬ್ಬಿಯಿಂದಲೂ ಕುಣಿಗಲ್ಲಿಗೆ ಹೋದಾಗ, ಅಜ್ಜಿ ನಮ್ಮಿಬ್ಬರ ನಡುವೆ ಅಳಗುಳಿಮಣೆಯನ್ನಿಟ್ಟರು. ಸಾಲಿಗೆ 7ರಂತೆ 14 ಗುಳಿ. ಗುಳಿಗೆ 5ರಂತೆ 70 ಹುಣಿಸೆ ಬೀಜ. ನಮ್ಮ ಸೀಮೆಯಲ್ಲಿ ಅದಕ್ಕೇನು ಬರವೇ? ಮಣೆಯಿಲ್ಲದವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದರೂ ಆದೀತು.

ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕಬೇಕು. ಕೈ ಬರಿದಾದರೆ ಮುಂದಿನ ಗುಳಿಯದನ್ನೆತ್ತಿ ಮುಂದುವರಿಯಬೇಕು; ಅದು ಖಾಲಿಯಿದ್ದರೆ ಅದರಾಚೆಯ ಗುಳಿಯದೆಲ್ಲ ನಮ್ಮದು. ಎತ್ತುವ ಮೊದಲೇ ಎಣಿಸಿದವನಿಗೆ ಗೆಲುವು.

ಮೊದಲ ವಾರ ಹುಡುಗ ಬೆರಳಿಟ್ಟು ಎಣಿಸಿದ, ಆಮೇಲೆ ಕಣ್ಣಲ್ಲೇ. ಒಂದು ಸಂಜೆ ತನ್ನ ರಾಶಿಯನ್ನು ಎಣಿಸಿ, “ಮಾವ, ನಂದು 42, ನಿಂದು 28” ಎಂದ.

ನನ್ನ ರಾಶಿಯನ್ನು ಅವನು ಮುಟ್ಟಿಯೇ ಇರಲಿಲ್ಲ.