ಮಾನ್‌ಸ್ಟರ್ ಹಂಟರ್ ಆಡೋಕೆ ಹೊರಟಿದ್ದೀರಾ? ಮೊದಲು ಇಷ್ಟು ತಿಳ್ಕೊಳ್ಳಿ

ಜಪಾನ್‌ನ ಕ್ಯಾಪ್‌ಕಾಮ್ ಕಂಪನಿಯ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ 2018ರಲ್ಲಿ ಬಂದ ಗೇಮ್. ದೈತ್ಯ ಪ್ರಾಣಿಗಳ ಬೇಟೆಯೇ ಇದರ ಆಟ. ಸುಮ್ಮನೆ ಬಟನ್ ಒತ್ತುತ್ತಾ ಹೋದರೆ ಗೆಲ್ತೀವಿ ಅಂದುಕೊಂಡು ಹೊಸಬರು ಎಡವುತ್ತಾರೆ.

ಎಷ್ಟು ಹೊತ್ತು ಆಡಿದರೂ ಬೇಟೆಗಾರನ ಬಲ ತಾನಾಗಿ ಹೆಚ್ಚುವುದಿಲ್ಲ. ಬೇಟೆಯಲ್ಲಿ ಸಿಕ್ಕ ಚರ್ಮ, ಮೂಳೆಗಳಿಂದ ಆಯುಧ, ಕವಚ ಮಾಡಿಸಿಕೊಳ್ಳಬೇಕು. 14 ಬಗೆಯ ಆಯುಧಗಳಿವೆ. ಎಲ್ಲವನ್ನೂ ಕಲಿಯೋಕೆ ಹೋಗಬೇಡಿ. ತರಬೇತಿ ಜಾಗದಲ್ಲಿ ಎರಡು–ಮೂರು ಹಿಡಿದು ನೋಡಿ, ಕೈಗೆ ಒಗ್ಗಿದ್ದನ್ನು ಇಟ್ಟುಕೊಳ್ಳಿ.

ಬೇಟೆಗೆ ಮುನ್ನ ಊಟ ಮಾಡಿಸಿ, ಶಕ್ತಿ ಹೆಚ್ಚುತ್ತದೆ. ಕತ್ತಿ ಮೊಂಡಾದರೆ ಮಸೆಯಿರಿ. ಪ್ರಾಣಿ ಮೈಮೇಲೆ ಬರುವಾಗ ತಪ್ಪಿಸಿಕೊಳ್ಳಿ, ಅದರ ಏಟು ಮುಗಿದ ಮೇಲೆ ಹೊಡೆಯಿರಿ. ಸಾಮಾನ್ಯವಾಗಿ ಮೂರು ಸಲ ಬಿದ್ದರೆ ಬೇಟೆ ಮುಗಿದಂತೆ. ಆನ್‌ಲೈನ್‌ನಲ್ಲಿ ನಾಲ್ವರು ಸೇರಿ ಆಡಬಹುದು. ಆದರೆ ಆ ಮೂರರ ಲೆಕ್ಕ ಎಲ್ಲರಿಗೂ ಸೇರಿಯೇ.

ದುಡ್ಡಿನ ವಿಷಯ: ಸ್ಟೀಮ್‌ನಲ್ಲಿ ಕೊಂಡವರು 14 ದಿನದೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಬೇಟೆಗಾರನ ಮುಖ, ಕೂದಲು ತಿದ್ದುತ್ತಾ ಕೂತ ಹೊತ್ತೂ ಇದರಲ್ಲಿ ಸೇರುತ್ತದೆ. ಹಾಗಾಗಿ ನಿಮ್ಮ ಕಂಪ್ಯೂಟರ್‌ನಲ್ಲಿ ಗೇಮ್ ಸರಿಯಾಗಿ ಓಡುತ್ತಾ ಅಂತ ಮೊದಲೇ ನೋಡಿಕೊಳ್ಳಿ.